ತಲೆ ತಿಂದ ಮೂರು ಕಲ್ಲುಗಳು

ಕಲ್ಲು ಹುಡುಕಲು ಹೋದ ಎರಡೇ ದಿನದಲ್ಲಿ ನಾನು ಹೊತ್ತು ತಂದದ್ದು ಹನ್ನೊಂದು ಕಿಲೋ. ಮುಕ್ಕಾಲು ಪಾಲು ಬರೀ ಬೆಣಚುಕಲ್ಲು! ಉಳಿದದ್ದರಲ್ಲಿ ಮೂರು ಮಾತ್ರ ವಾರವಿಡೀ ತಲೆ ತಿಂದವು.

ಮೊದಲನೆಯದು ಕಪ್ಪು ಕಲ್ಲು. ಮ್ಯಾಗ್ನೆಟ್ ಟಕ್ ಅಂತ ಅಂಟಿಕೊಂಡಿತು. ಉಲ್ಕೆಯೇ ಸಿಕ್ಕಿತು ಅಂತ ಕುಣಿದಾಡಿದೆ. ಜೊತೆಗಿದ್ದ ಗೆಳೆಯ ಏನೂ ಮಾತಾಡದೆ ಟೈಲ್ಸ್ ತುಂಡಿನ ಹಿಂಬದಿಗೆ, ಅಂದರೆ ಹೊಳಪಿಲ್ಲದ ಕಡೆಗೆ, ಅದನ್ನು ಉಜ್ಜಿದ. ಕಡುಗಪ್ಪು ಗೀರು ಬಿತ್ತು. ಮ್ಯಾಗ್ನೆಟೈಟ್, ಅಂದರೆ ಮ್ಯಾಗ್ನೆಟ್‌ಗೆ ಅಂಟುವ ಕಬ್ಬಿಣದ ಅದಿರು. ಉಲ್ಕೆಗಳು ಸಾಮಾನ್ಯವಾಗಿ ಅಂಥ ಗಾಢ ಗೀರು ಬಿಡುವುದಿಲ್ಲ. ಚಿನ್ನದಂತೆ ಹೊಳೆಯುವ ಪೈರೈಟ್ ಕೂಡ ಟೈಲ್ಸ್ ಮೇಲೆ ಹಸಿರುಗಪ್ಪು ಗೀರೆಳೆಯುತ್ತದೆ. ನೀವು ಹೊರಡುವಾಗ ಈ ತುಂಡೊಂದು ಜೇಬಲ್ಲಿರಲಿ.

ಎರಡನೆಯದು ಅಭ್ರಕ ಮಿನುಗುವ ಪದರಗಲ್ಲಿನಲ್ಲಿ ಸಿಕ್ಕ ನೀಲಿ ಪಟ್ಟಿಗಳು. ಉದ್ದಕ್ಕೆ ಚಾಕು ಎಳೆದರೆ ಗೀರು ಬಿತ್ತು. ಅಡ್ಡಕ್ಕೆ ಎಳೆದರೆ ಚಾಕುವೇ ಜಾರಿತು. ನಾನೇ ತಪ್ಪು ಮಾಡಿದೆ ಅಂತ ನಾಲ್ಕು ಸಲ ಗೀಚಿ ನೋಡಿದೆ. ಅದು ಕಯನೈಟ್. ಗಡಸುತನಕ್ಕೆ 1ರಿಂದ 10ರವರೆಗೆ ಅಂಕ ಕೊಡುವ ಮೋಸ್ ಮಾಪಕದಲ್ಲಿ ಅದರ ಅಂಕ ಉದ್ದಕ್ಕೆ ಸುಮಾರು 5, ಅಡ್ಡಕ್ಕೆ 7ರ ಹತ್ತಿರ. ಚಾಕುವಿನ ಉಕ್ಕು ಸುಮಾರು 5.5, ಹಾಗಾಗಿಯೇ ಈ ಆಟ. ಒಂದೇ ದಿಕ್ಕಿನಲ್ಲಿ ಗೀಚಿ ತೀರ್ಮಾನ ಮಾಡಬೇಡಿ. ಗೀಚಿದ ಮೇಲೆ ಒರೆಸಿ ನೋಡಿ. ಎಷ್ಟೋ ಸಲ ಕಲ್ಲಿನ ಮೇಲೆ ಕಾಣುವುದು ಗೀರಲ್ಲ, ಚಾಕುವಿನ ಪುಡಿ.

ಮೂರನೆಯದೇ ಜಾಸ್ತಿ ಕಾಡಿದ್ದು. ಮುಷ್ಟಿಯಷ್ಟು ಬಿಳಿ ಕಲ್ಲು, ನೋಡಲು ಸಾದಾ. ಎತ್ತಿದರೆ ಕೈ ಕೆಳಗೆ ಜಗ್ಗಿತು. ಚಾಕುವಿಗೆ ಸುಲಭವಾಗಿ ಗೀರು ಬಿದ್ದದ್ದರಿಂದ ಬೆಣಚುಕಲ್ಲಲ್ಲ. ಸುಣ್ಣದಕಲ್ಲಿನ ಖನಿಜವಾದ, ಹುಳಿ ಬಿದ್ದರೆ ನೊರೆಯೇಳುವ ಕ್ಯಾಲ್ಸೈಟ್ ಇರಬಹುದು ಅಂತ ಸ್ವಲ್ಪ ಕೆರೆದು, ಆ ಪುಡಿಗೆ ವಿನೆಗರ್ ಹಾಕಿದೆ. ಒಂದು ಗುಳ್ಳೆಯೂ ಏಳಲಿಲ್ಲ. ಕೊನೆಗೆ ತೂಗಿದೆ: 540 ಗ್ರಾಂ. ದಾರ ಕಟ್ಟಿ ನೀರಿನಲ್ಲಿ ಮುಳುಗಿಸಿ ತೂಗಿದಾಗ 420. ವ್ಯತ್ಯಾಸ 120. 540 ಭಾಗಿಸು 120, ಅಂದರೆ ಅಷ್ಟೇ ಗಾತ್ರದ ನೀರಿಗಿಂತ 4.5 ಪಟ್ಟು ಭಾರ. ಬೆಣಚುಕಲ್ಲಿಗೆ 2.65, ಕ್ಯಾಲ್ಸೈಟಿಗೆ 2.7 ಬರುತ್ತದೆ. ಬಿಳುಪು, ಮೆದು, ಇಷ್ಟು ಭಾರ ಅಂದರೆ ಬ್ಯಾರೈಟ್. ಅಡುಗೆಮನೆಯ ತಕ್ಕಡಿಯಲ್ಲೇ ಇಷ್ಟೆಲ್ಲ ಆಯ್ತು, ನಂಬ್ತೀರಾ?

ಒಂದೆರಡು ಎಚ್ಚರಿಕೆ. ನೆಕ್ಕಿ ರುಚಿ ನೋಡಬೇಡಿ, ಗೆಲೀನಾ ಎಂಬ ಅದಿರಿನಲ್ಲಿ ಸೀಸ ಇರುತ್ತದೆ. ನಾರುನಾರಾಗಿರುವ ಕಲ್ಲನ್ನು ಒಡೆಯಬೇಡಿ, ಕಲ್ನಾರಾಗಿದ್ದರೆ ಅದರ ಪುಡಿ ಶ್ವಾಸಕೋಶ ಸೇರುತ್ತದೆ. ಸುತ್ತಿಗೆ ಎತ್ತುವ ಮುಂಚೆ ಕನ್ನಡಕ ಹಾಕಿ, ಜಾಗದ ಮಾಲೀಕರ ಒಪ್ಪಿಗೆಯನ್ನೂ ಕೇಳಿ.

ನಾನು ಮಾಡಿದ ದೊಡ್ಡ ಎಡವಟ್ಟು ಬೇರೆಯೇ. ಎರಡೂ ದಿನದ ಕಲ್ಲುಗಳನ್ನು ಒಂದೇ ಚೀಲಕ್ಕೆ ಸುರಿದಿದ್ದೆ. ಒಂದಕ್ಕೂ ನಂಬರ್ ಅಂಟಿಸಿರಲಿಲ್ಲ, ಎತ್ತಿದ ಜಾಗದ ಫೋಟೋ ಸಹ ಇಲ್ಲ. ಬ್ಯಾರೈಟ್ ಸಿಕ್ಕ ಕಡೆ ಇನ್ನೇನಿತ್ತು ಅಂತ ನೋಡಲು ಮತ್ತೆ ಹೋಗಬೇಕೆಂದರೆ, ಯಾವ ಗುಂಡಿಗೆ ಇಳಿಯಬೇಕು ಅಂತಲೇ ಈಗ ಗೊತ್ತಿಲ್ಲ.