ಒಂದೇ ಒಂದು ಕೊಂಡಿ ಕೆಟ್ಟರೆ ಅಷ್ಟೆಲ್ಲ ಆಗುತ್ತದೆಯೇ?

ನಾನ್-ಹರ್ಮಿಷಿಯನ್ ಕ್ವಾಂಟಮ್ ವ್ಯವಸ್ಥೆಗಳ (ಕಣ ಸೋರಿಹೋಗುವ, ಇಲ್ಲವೇ ಎಡಕ್ಕೂ ಬಲಕ್ಕೂ ಬೇರೆ ಬೇರೆ ಬಲದಿಂದ ಜಿಗಿಯುವಂಥವು) ಮಾತು ಬಂದಾಗಲೆಲ್ಲ ಎದುರಾಗುವ ಪ್ರಶ್ನೆ ಇದು: ‘ಇಷ್ಟುದ್ದದ ಸರಪಳಿಯಲ್ಲಿ ಒಂದು ಜಾಗದಲ್ಲಿ ಅಶುದ್ಧಿ ಇದ್ದರೆ ಇಡೀ ವ್ಯವಸ್ಥೆ ಯಾಕೆ ಬದಲಾಗಬೇಕು?’

ಸಂದೇಹ ಸಹಜವೇ. ಸೋರಿಕೆಯಿಲ್ಲದ ಮಾಮೂಲಿ ವ್ಯವಸ್ಥೆಯ ಹರ್ಮಿಷಿಯನ್ ಹ್ಯಾಮಿಲ್ಟೋನಿಯನ್‌ಗೆ (ಶಕ್ತಿಮಟ್ಟಗಳನ್ನು ಕೊಡುವ ಮ್ಯಾಟ್ರಿಕ್ಸ್‌ಗೆ) 0.001 ಬಲದ ಹರ್ಮಿಷಿಯನ್ ಬೆರಕೆ ಸೇರಿಸಿದರೆ ಯಾವ ಶಕ್ತಿಮಟ್ಟವೂ 0.001ಕ್ಕಿಂತ ಹೆಚ್ಚು ಅಲುಗದು. ನಾನ್-ಹರ್ಮಿಷಿಯನ್ ಕಡೆ ಈ ಖಾತ್ರಿ ಇಲ್ಲ.

ಕೈಯಲ್ಲೇ ಲೆಕ್ಕ ಹಾಕಿ ನೋಡಿ. 40 ತಾಣಗಳು, ಕಣ ಬಲಕ್ಕೆ ಮಾತ್ರ ಜಿಗಿಯುತ್ತದೆ, ಜಿಗಿತದ ಬಲ 1. ತುದಿಗಳು ತೆರೆದಿದ್ದರೆ ಐಗನ್‌ಮೌಲ್ಯಗಳೆಲ್ಲ (ಅಂದರೆ ಶಕ್ತಿಮಟ್ಟಗಳೆಲ್ಲ) ಸೊನ್ನೆ. ಈಗ ಕೊನೆಯ ತಾಣದಿಂದ ಮೊದಲನೆಯದಕ್ಕೆ ‘ಮ್ಯೂ’ ಬಲದ ಕೊಂಡಿ ಹಾಕಿ ಉಂಗುರ ಮಾಡಿ; ಈ ಕೊಂಡಿಯೇ ಇಲ್ಲಿನ ಅಶುದ್ಧಿ. ಅಲೆ ಒಂದು ಸುತ್ತು ಮುಗಿಸಿ ತನಗೆ ತಾನೇ ಹೊಂದಿಕೊಳ್ಳಬೇಕು, ಹಾಗಾಗಿ ಐಗನ್‌ಮೌಲ್ಯದ 40ನೇ ಘಾತ ಮ್ಯೂಗೆ ಸಮ. ಮ್ಯೂ 10⁻¹⁰ ಇರಲಿ, ಅಂದರೆ ಸಾವಿರ ಕೋಟಿಯಲ್ಲೊಂದು ಪಾಲು. ಅದರ 40ನೇ ಮೂಲ 0.56! ಸೊನ್ನೆಯಲ್ಲಿ ಮುದುಡಿ ಕೂತಿದ್ದ ಮಟ್ಟಗಳು ಸಂಕೀರ್ಣ ಸಂಖ್ಯೆಗಳ ಸಮತಲದಲ್ಲಿ 0.56 ತ್ರಿಜ್ಯದ ವೃತ್ತವಾಗಿ ಹರಡಿಕೊಳ್ಳುತ್ತವೆ.

ಅದೇ ಕೊಂಡಿಯನ್ನು ಉಳಿದವಕ್ಕಿಂತ 10 ಪಟ್ಟು ಬಲವಾಗಿಸಿದರೆ ಅಲೆ ಅಶುದ್ಧಿಯ ಬಲಗಡೆ ಎತ್ತರಕ್ಕೆದ್ದು, ಸುತ್ತಿ ಬರುವಷ್ಟರಲ್ಲಿ ಇಳಿದಿರುತ್ತದೆ. 20 ತಾಣಗಳಿದ್ದರೆ 8.9 ಪಟ್ಟು ಇಳಿಕೆ, 200 ಇದ್ದರೆ 9.9 ಪಟ್ಟು. ಉಂಗುರ ಹಿಗ್ಗಿದಂತೆ ಅಲೆಯೂ ಹಿಗ್ಗುತ್ತದೆ. ಇದಕ್ಕೆ ಸ್ಕೇಲ್-ಫ್ರೀ ಲೋಕಲೈಸೇಶನ್ ಎನ್ನುತ್ತಾರೆ. ಒಂದೇ ಉದ್ದದ ಚಿತ್ರ ನೋಡಿ ‘ಸ್ಕಿನ್ ಎಫೆಕ್ಟ್’ (ಸರಪಳಿ ಎಷ್ಟೇ ಉದ್ದವಿರಲಿ, ಅಲೆ ತುದಿಗೆ ಅಂಟಿಕೊಂಡು ಅಷ್ಟೇ ಅಗಲ ಇರುವುದು) ಎಂದು ಬರೆದುಬಿಡುವವರು ಎಡವುವುದು ಇಲ್ಲೇ. ಕನಿಷ್ಠ ಎರಡು ಉದ್ದಗಳಲ್ಲಿ ನೋಡಬೇಕು.

ಕಣಗಳನ್ನು ನುಂಗುವ ಅಶುದ್ಧಿಯ ಜಾಯಮಾನವೇ ಬೇರೆ. ಒಂದು ತಾಣದಲ್ಲಿ ‘ಗಾಮಾ’ದಷ್ಟು ಕಾಲ್ಪನಿಕ ವಿಭವ (ಕಣಗಳನ್ನು ನುಂಗುವ ಬಲದ ಅಳತೆ) ಇಟ್ಟರೆ, ಅದು ಅಲೆಯ ವೇಗಕ್ಕೆ ಸಮವಾದಾಗ ನಷ್ಟ ಗರಿಷ್ಠ: ಸರಿಯಾಗಿ ಅರ್ಧ. ನೂರು ಪಟ್ಟಾದರೆ ನಷ್ಟ ಶೇ. 2ಕ್ಕೆ ಇಳಿದು, ಶೇ. 98 ವಾಪಸ್ ಪುಟಿಯುತ್ತದೆ. ನುಂಗುವ ಬಲ ಅತಿಯಾದಾಗ ನಷ್ಟವೇ ಕಡಿಮೆಯಾಗುವ ಇದು ಝೀನೋ ಪರಿಣಾಮ. 2013ರಲ್ಲಿ ಜರ್ಮನಿಯ ಕೈಸರ್ಸ್‌ಲೌಟರ್ನ್‌ನಲ್ಲಿ ರುಬಿಡಿಯಮ್ ಕಂಡೆನ್ಸೇಟಿನ (ಅತಿ ತಣ್ಣಗಾಗಿ ಒಂದೇ ಅಲೆಯಂತಾದ ಪರಮಾಣುಗಳ ಮೋಡದ) ಮೇಲೆ ಎಲೆಕ್ಟ್ರಾನ್ ಕಿರಣ ಹಾಯಿಸಿ ಇದನ್ನು ಕಂಡರು.

ಕಣಗಳು ಹಲವಾದಾಗ ಕಷ್ಟ ಶುರುವಾಗುವುದು ಕಂಪ್ಯೂಟರಿನಲ್ಲಿ. 1996ರ ಹತಾನೊ-ನೆಲ್ಸನ್ ಮಾದರಿ ತೆಗೆದುಕೊಳ್ಳಿ: ಜಿಗಿತದ ಬಲ ಬಲಕ್ಕೆ 1.5, ಎಡಕ್ಕೆ 0.5. ತೆರೆದ ಸರಪಳಿಯಲ್ಲಿ ಕಣ ಬಲಕ್ಕೆ ಸರಿದ ಪ್ರತಿ ಹೆಜ್ಜೆಗೂ ಅಲೆಯ ತೂಕ 1.73 ಪಟ್ಟು ಏರುತ್ತದೆ. ಫರ್ಮಿಯಾನ್‌ಗಳು (ಎಲೆಕ್ಟ್ರಾನಿನಂಥ ಕಣಗಳು) ಒಂದೇ ತಾಣದಲ್ಲಿ ಗುಡ್ಡೆ ಬೀಳಲಾರವು, ತುದಿಯ ತಾಣಗಳನ್ನು ಸಾಲಾಗಿ ತುಂಬುತ್ತವೆ. 16 ತಾಣ, 8 ಕಣ ಎಂದರೆ ಎಡತುದಿಯಿಂದ ಬಲತುದಿಗೆ ಒಟ್ಟು 64 ಹೆಜ್ಜೆ. ತೂಕಗಳ ಅನುಪಾತ ಸುಮಾರು 2×10¹⁵. ಇನ್ನೆರಡು ತಾಣ, ಒಂದು ಕಣ ಹೆಚ್ಚಿಸಿದರೆ 2×10¹⁹. ಡಬಲ್ ಪ್ರಿಸಿಷನ್‌ನ (ಕಂಪ್ಯೂಟರಿನ ಮಾಮೂಲಿ ಲೆಕ್ಕದ) 16 ಅಂಕಿಗಳು ಅಲ್ಲಿಗೆ ಮುಗಿದವು. ಆಮೇಲೆ ರೌಂಡಿಂಗ್ ದೋಷವೇ ನೀವು ಹಾಕದ ಇನ್ನೊಂದು ಅಶುದ್ಧಿಯಂತೆ ವರ್ತಿಸಬಹುದು.

ಆದ್ದರಿಂದ ಮೊದಲು ಅಶುದ್ಧಿಯಿಲ್ಲದ ತೆರೆದ ಸರಪಳಿಯನ್ನು ಓಡಿಸಿ. ಕಣಗಳ ನಡುವಿನ ಪರಸ್ಪರ ಕ್ರಿಯೆ ಅವುಗಳ ಸ್ಥಾನವನ್ನಷ್ಟೇ ಅವಲಂಬಿಸಿದ್ದರೆ (ವಿಕರ್ಷಣೆ ಎಷ್ಟೇ ಇರಲಿ) ಶಕ್ತಿಗಳೆಲ್ಲ ವಾಸ್ತವ ಸಂಖ್ಯೆಗಳೇ ಆಗಿರಬೇಕು. ಕಾಲ್ಪನಿಕ ಭಾಗ ಇಣುಕಿದರೆ ಅದು ಭೌತಶಾಸ್ತ್ರವಲ್ಲ, ಅಂಕಿ ಸಾಲದ್ದು. 50 ಅಂಕಿಗಳ ಲೆಕ್ಕಕ್ಕೆ ಹೋಗಿ, ಅಥವಾ 1.73ರ ತೂಕವನ್ನು ಕಾಗದದ ಮೇಲೇ ತೆಗೆದುಹಾಕಿ, ಆಮೇಲೆ ಕೊಂಡಿ ಸೇರಿಸಿ.