ಕಾಯಿ ಬ್ಯಾಡಗಿದು, ಕೋರ್ಟು ಗುಂಟೂರಿಂದು

ಬ್ಯಾಡಗಿಯಲ್ಲಿ ಸೋಮವಾರ ಮತ್ತು ಗುರುವಾರ ಮೆಣಸಿನಕಾಯಿ ಪೇಟೆ. ಆ ಎರಡು ದಿನ ನಮ್ಮ ಕಾಕಾ ಯಾರ ಮದುವೆಗೂ ಬರುವುದಿಲ್ಲ. ಅಂಥವರು 2014ರ ದೀಪಾವಳಿ ಮುಂದೆ ಒಂದು ಗುರುವಾರ ಅಂಗಡಿ ಬಿಟ್ಟು ಕೋರ್ಟಿನ ಕಟ್ಟೆ ಮೇಲೆ ಕೂತಿದ್ದರು. ಹುಬ್ಬಳ್ಳಿಯಿಂದ ನನ್ನನ್ನೂ ಕರೆಸಿಕೊಂಡಿದ್ದರು. "ನಿನಗ ಇಂಗ್ಲಿಷ್ ಬರತೈತಿ, ಏನ್ ಬರದಾರ ನೋಡ ಬಾ" ಅಂತ.

ವಿಷಯ ದೊಡ್ಡದಲ್ಲ. ಗುಂಟೂರಿನ ಒಬ್ಬ ವ್ಯಾಪಾರಿ ಕಾಕಾನಿಂದ ಡಬ್ಬಿ ಜಾತಿಯ ಮೆಣಸಿನಕಾಯಿ ಒಯ್ದಿದ್ದ. ಗುಂಟೂರಲ್ಲಿ ಮೆಣಸಿನಕಾಯಿಗೆ ಬರವೇ ಅಂತ ಕೇಳಬಹುದು. ಅಲ್ಲಿಯದು ಖಾರಕ್ಕೆ, ನಮ್ಮದು ಬಣ್ಣಕ್ಕೆ. ಎರಡೂ ಬೇಕಾಗುತ್ತವೆ. ವ್ಯಾಪಾರಿ ಬ್ಯಾಡಗಿಗೇ ಬಂದು, ಕಾಕಾನ ಗಾದಿ ಮೇಲೆ ಕೂತು, ಚಹಾ ಕುಡಿದು ಚೆಕ್ ಬರೆದುಕೊಟ್ಟಿದ್ದ. ಚೆಕ್ ಅವನ ಊರಿನ ಬ್ಯಾಂಕಿಂದು. ಕಾಕಾ ಅದನ್ನು ಬ್ಯಾಡಗಿ ಶಾಖೆಯಲ್ಲಿ ಹಾಕಿದರು, ಖಾತೆಯಲ್ಲಿ ಹಣವಿಲ್ಲ ಅಂತ ವಾಪಸ್ ಬಂತು. ಮೂವತ್ತು ದಿನದೊಳಗೆ ನೋಟಿಸ್ ಹೋಯಿತು. ನೋಟಿಸ್ ಮುಟ್ಟಿ ಹದಿನೈದು ದಿನ ಕಳೆದರೂ ದುಡ್ಡು ಬರಲಿಲ್ಲ. ಆಮೇಲೆ ಒಂದು ತಿಂಗಳೊಳಗೆ ಬ್ಯಾಡಗಿ ಕೋರ್ಟಿನಲ್ಲಿ 138ರ ಕೇಸು, ಅಂದರೆ ಚೆಕ್ ಬೌನ್ಸ್ ಆದರೆ ಹಾಕುವ ಕಲಂ 138ರ ಕೇಸು. ಎಲ್ಲಾ ಲೆಕ್ಕದ ಪ್ರಕಾರವೇ ನಡೆದಿತ್ತು.

ಆದರೆ ಅವತ್ತು ನಮ್ಮ ಕೇಸು ಕೂಗಿದಾಗ ವಕೀಲರು ಎದ್ದು ನಿಂತರು, ಎರಡು ಮಾತಾಡಿದರು, ಕೂತರು. ಅಷ್ಟೇ. ಈ ಕೋರ್ಟಿಗೆ ಈ ಕೇಸು ನಡೆಸುವ ಅಧಿಕಾರ ಇಲ್ಲ, ಸರಿಯಾದ ಕೋರ್ಟಿಗೆ ಹಾಕಿಕೊಳ್ಳಲಿ ಅಂತ ಫಿರ್ಯಾದು ವಾಪಸ್. ನಮ್ಮದೊಂದೇ ಅಲ್ಲ, ಅವತ್ತು ಹಿಂದೆ ಮುಂದೆ ಕರೆದ ಚೆಕ್ ಕೇಸುಗಳಿಗೂ ಇದೇ ಗತಿ. ಒಳಗೆ ಗುಮಾಸ್ತರು ಒಂದೊಂದೇ ಕಾಗದ ಎಣಿಸಿ ಸಹಿ ಮಾಡಿಸಿಕೊಂಡರು. ಚೆಕ್, ಬ್ಯಾಂಕಿನ ಮೆಮೊ, ನೋಟಿಸ್, ಅಂಚೆಯ ರಸೀದಿ. ಬ್ಯಾಂಕಲ್ಲೊಮ್ಮೆ, ವಕೀಲರ ಆಫೀಸಲ್ಲೊಮ್ಮೆ, ಕೋರ್ಟಲ್ಲೊಮ್ಮೆ ಪಿನ್ ಚುಚ್ಚಿ ಚುಚ್ಚಿ ಚೆಕ್ಕಿನ ಮೂಲೆ ಜರಡಿಯಾಗಿತ್ತು. ಫಿರ್ಯಾದಿನ ಕಾಗದದ ಬೆನ್ನ ಮೇಲೆ ಕೋರ್ಟಿನ ದುಂಡನೆ ಶಿಕ್ಕಾ, ತಾರೀಖು, ಸಹಿ.

ಹೊರಗೆ ಬೇವಿನ ಗಿಡದ ಕೆಳಗೆ ವಕೀಲರು ಬಿಡಿಸಿ ಹೇಳಿದರು. 1999ರಲ್ಲಿ ಭಾಸ್ಕರನ್ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಧಾರಾಳ ಮನಸ್ಸು ಮಾಡಿತ್ತು. ಚೆಕ್ ಬರೆದ ಜಾಗ, ಬ್ಯಾಂಕಿಗೆ ಹಾಕಿದ ಜಾಗ, ಬೌನ್ಸ್ ಆದ ಜಾಗ, ನೋಟಿಸ್ ಕೊಟ್ಟ ಜಾಗ, ದುಡ್ಡು ಕೊಡದೆ ಉಳಿದ ಜಾಗ, ಈ ಐದರಲ್ಲಿ ಎಲ್ಲಿ ಬೇಕಾದರೂ ಕೇಸು ಹಾಕಬಹುದಿತ್ತು. 2014ರ ಆಗಸ್ಟ್ 1ರಂದು ದಶರಥ ರೂಪಸಿಂಗ್ ರಾಠೋಡ್ ಕೇಸಿನಲ್ಲಿ ಅದೇ ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳು ಅದನ್ನು ಒಂದೇ ಜಾಗಕ್ಕೆ ಇಳಿಸಿದರು. ಚೆಕ್ ಯಾವ ಬ್ಯಾಂಕಿಂದೋ ಆ ಬ್ಯಾಂಕು ಇರುವ ಊರು. ಆರೋಪಿ ಹಾಜರಾಗಿ ಸಾಕ್ಷಿ ಶುರುವಾಗಿದ್ದ ಕೇಸುಗಳು ಇದ್ದಲ್ಲೇ ಉಳಿಯಲಿ, ಮಿಕ್ಕವನ್ನು ವಾಪಸ್ ಕೊಡಿ, ಮೂವತ್ತು ದಿನದಲ್ಲಿ ಸರಿಯಾದ ಕೋರ್ಟಿಗೆ ಹಾಕಿದರೆ ತಡವಾಯಿತು ಅನ್ನುವ ಹಾಗಿಲ್ಲ ಅಂತ ಆದೇಶ. ನಮ್ಮ ವ್ಯಾಪಾರಿ ಬ್ಯಾಡಗಿ ಕೋರ್ಟಿಗೆ ಒಮ್ಮೆಯೂ ಕಾಲಿಟ್ಟಿರಲಿಲ್ಲ. ಅದೇ ಅವನಿಗೆ ಅನುಕೂಲವಾಯಿತು ನೋಡಿ.

"ಅಲ್ರೀ ವಕೀಲ್ರ, ರೊಕ್ಕ ಕಳಕೊಂಡಾವ ನಾನು, ಓಡ್ಯಾಡಾವನೂ ನಾನ ಏನ?" ಅಂದರು ಕಾಕಾ. ಆಮೇಲೆ ಚೀಲದಿಂದ ಬಿಲ್ ಬುಕ್ ತೆಗೆದು ಕೆಳಗಿನ ಸಣ್ಣಕ್ಷರದ ಸಾಲಿನ ಮೇಲೆ ಬೆರಳಿಟ್ಟರು. 'ಎಲ್ಲಾ ವ್ಯವಹಾರಗಳು ಬ್ಯಾಡಗಿ ನ್ಯಾಯಾಲಯದ ವ್ಯಾಪ್ತಿಗೆ ಒಳಪಟ್ಟಿವೆ.' ಹುಬ್ಬಳ್ಳಿ ದುರ್ಗದಬೈಲಿನ ಅಂಗಡಿಗಳ ಬಿಲ್ಲಿನಲ್ಲೂ ಊರ ಹೆಸರು ಬದಲಿಸಿ ಇದೇ ಸಾಲು ಇರುತ್ತದೆ. ಪ್ರೆಸ್ಸಿನವರು ಕೇಳದೆಯೇ ಹಾಕಿಬಿಡುತ್ತಾರೆ ಅಂತ ನನ್ನ ಅನುಮಾನ.

ವಕೀಲರು ನಗಲಿಲ್ಲ. ಆ ಸಾಲಿಗೂ ಬೆಲೆ ಇದೆ ಅಂದರು. ಹಣ ವಸೂಲಿಗೆ ಸಿವಿಲ್ ದಾವೆ ಹಾಕಿದರೆ ಅದು ಕೆಲಸಕ್ಕೆ ಬರುತ್ತದೆ. ಅಲ್ಲಿಯೂ ಒಂದು ಮಿತಿ. ಕಾನೂನಿನ ಪ್ರಕಾರ ಎರಡು ಮೂರು ಕೋರ್ಟುಗಳಿಗೆ ಅಧಿಕಾರ ಇದ್ದಾಗ ಅದರಲ್ಲಿ ಒಂದನ್ನು ಒಪ್ಪಂದದಲ್ಲಿ ಆರಿಸಿಕೊಳ್ಳಬಹುದು. ಅಧಿಕಾರವೇ ಇಲ್ಲದ ಕೋರ್ಟಿಗೆ ಇಬ್ಬರು ಸೇರಿ ಸಹಿ ಹಾಕಿದರೂ ಅಧಿಕಾರ ಹುಟ್ಟುವುದಿಲ್ಲ. 1971ರಲ್ಲೇ ಹಾಕಂ ಸಿಂಗ್ ಕೇಸಿನಲ್ಲಿ ಇದು ತೀರ್ಮಾನವಾಗಿದೆ. ಮಾಲು ಕೊಟ್ಟಿದ್ದು ಬ್ಯಾಡಗಿಯಲ್ಲೇ ಆದ್ದರಿಂದ ಸಿವಿಲ್ ದಾವೆ ಇಲ್ಲಿ ನಿಲ್ಲುತ್ತದೆ. ಆದರೆ 138 ಕ್ರಿಮಿನಲ್ ಕೇಸು. ಅದು ಬಿಲ್ ಬುಕ್ಕಿನ ಮಾತು ಕೇಳುವುದಿಲ್ಲ.

ಸಿವಿಲ್ ಬೇಡ ಅಂದರು ಕಾಕಾ. ಕೋರ್ಟ್ ಫೀ ಕಟ್ಟಬೇಕು, ವರ್ಷಗಟ್ಟಲೆ ಕಾಯಬೇಕು. ಚೆಕ್ ಕೇಸಿನಲ್ಲಾದರೆ ಎರಡು ವರ್ಷದ ತನಕ ಜೈಲು, ಇಲ್ಲವೇ ಚೆಕ್ಕಿನ ಎರಡರಷ್ಟು ದಂಡ, ಹೀಗೆ ಒಂದು ಹೆದರಿಕೆಯಾದರೂ ಇರುತ್ತದೆ.

"ಹಂಗಾದ್ರ ಧಾರವಾಡಕ್ಕ ಹೋಗೂಣು. ಹೈಕೋರ್ಟ ಮನಿ ಮುಂದ ಬಂದೈತಲ್ಲ." ಕಾಕಾನ ಈ ನಂಬಿಕೆಗೆ ಕಾರಣ ಇತ್ತು. ಮೊದಲು ಹೈಕೋರ್ಟ್ ಅಂದರೆ ಬೆಂಗಳೂರು. ನಮ್ಮ ಭಾಗದ ವಕೀಲರು, ಜನ ಹೋರಾಡಿದ ಮೇಲೆ 2008ರ ಜುಲೈಯಲ್ಲಿ ಧಾರವಾಡಕ್ಕೆ ಸಂಚಾರಿ ಪೀಠ ಬಂತು, 2013ರ ಆಗಸ್ಟ್‌ನಲ್ಲಿ ಅದು ಕಾಯಂ ಆಯಿತು. ಹಾವೇರಿ, ಗದಗ ಎಲ್ಲಾ ಅದರ ಅಡಿಯಲ್ಲೇ. ಆದರೆ ಆಂಧ್ರದಲ್ಲಿ ನಡೆಯಬೇಕಾದ ಕ್ರಿಮಿನಲ್ ಕೇಸನ್ನು ಕರ್ನಾಟಕಕ್ಕೆ ತರುವ ಅಧಿಕಾರ ನಮ್ಮ ಹೈಕೋರ್ಟಿಗಿಲ್ಲ. ಒಂದು ರಾಜ್ಯದಿಂದ ಇನ್ನೊಂದಕ್ಕೆ ಕಳಿಸುವವರು ಸುಪ್ರೀಂ ಕೋರ್ಟಿನವರು ಮಾತ್ರ. ದಿಲ್ಲಿಗೆ ಹೋಗುವ ಖರ್ಚಿಗಿಂತ ಗುಂಟೂರೇ ಅಗ್ಗ.

ಸುಮ್ನೆ ಸುಪ್ರೀಂ ಕೋರ್ಟನ್ನು ಬೈಯುವುದೂ ಸರಿಯಲ್ಲ. ಐದು ಜಾಗದ ನಿಯಮವನ್ನು ಕೆಲವರು ಚೆನ್ನಾಗಿ ದುರುಪಯೋಗ ಮಾಡಿಕೊಂಡಿದ್ದರು. ಸಾಲ ಕೊಟ್ಟಿದ್ದು ಒಂದೂರಲ್ಲಿ, ನೋಟಿಸ್ ಮಾತ್ರ ದೂರದ ದೊಡ್ಡ ಊರಿನ ಆಫೀಸಿಂದ, ಕೇಸೂ ಅಲ್ಲೇ. ಸಾಲಗಾರ ಅಲ್ಲಿಗೆ ಹೋಗಿಬರುವಷ್ಟರಲ್ಲೇ ಸುಸ್ತು. ಅದನ್ನು ತಪ್ಪಿಸಬೇಕಿತ್ತು, ಒಪ್ಪುತ್ತೇನೆ. ಆದರೆ ತಪ್ಪಿಸುವ ಭರದಲ್ಲಿ ಭಾರವನ್ನೆಲ್ಲ ಕಾಕಾನಂಥವರ ಹೆಗಲಿಗೆ ಹಾಕಿದರು. ಕೋಟಿ ವ್ಯವಹಾರದವನಿಗೆ ಎಲ್ಲಾ ಊರಲ್ಲೂ ವಕೀಲರಿರುತ್ತಾರೆ. ಬ್ಯಾಡಗಿಯ ಸಣ್ಣ ವ್ಯಾಪಾರಿಗೆ ಗುಂಟೂರಲ್ಲಿ ಯಾರಿದ್ದಾರೆ?

ಹೋದೆವು. ಹುಬ್ಬಳ್ಳಿಯಿಂದ ಅಮರಾವತಿ ಎಕ್ಸ್‌ಪ್ರೆಸ್. ಗದಗ, ಹೊಸಪೇಟೆ, ಬಳ್ಳಾರಿ, ಗುಂತಕಲ್, ನಂದ್ಯಾಲ ದಾಟಿ ಗುಂಟೂರು. ಕಾಕಾ ಫೈಲನ್ನು ತಲೆದಿಂಬಿನ ಕೆಳಗೆ ಇಟ್ಟುಕೊಂಡು ಮಲಗಿದರು. ಅಲ್ಲಿ ಅಂಗಡಿ ಬೋರ್ಡುಗಳನ್ನು ಅಕ್ಷರ ಕೂಡಿಸಿ ಕೂಡಿಸಿ ಓದಿದರು, ತೆಲುಗು ಲಿಪಿ ನಮ್ಮದಕ್ಕೆ ಹತ್ತಿರ ಅಲ್ವಾ. ಓದಿದ್ದು ಅರ್ಥವಾಗಲಿಲ್ಲ, ಅದು ಬೇರೆ ಮಾತು. ಅಲ್ಲಿಯ ವಕೀಲರಿಗೆ ಹೊಸ ವಕಾಲತ್ತು, ಹೊಸ ಫೀಜು, ಹೊಸ ಅಫಿಡವಿಟ್. ಇಷ್ಟೆಲ್ಲಾ ಆಗುವಾಗ ಆ ವ್ಯಾಪಾರಿ ದುಡ್ಡು ಕೊಡಬೇಕೋ ಬೇಡವೋ ಅನ್ನುವುದನ್ನು ಯಾರೂ ಕೇಳಿರಲಿಲ್ಲ. ಅದಕ್ಕೆ ಸರದಿಯೇ ಬಂದಿರಲಿಲ್ಲ.

ಮರು ವರ್ಷ ಮತ್ತೆ ಗಾಳಿ ತಿರುಗಿತು. 2015ರ ಜೂನ್ 15ಕ್ಕೆ ಕೇಂದ್ರ ಸರ್ಕಾರ ಸುಗ್ರೀವಾಜ್ಞೆ ತಂದಿತು, ವರ್ಷದ ಕೊನೆಗೆ ಅದು ಕಾಯ್ದೆಯೂ ಆಯಿತು. ಚೆಕ್ಕನ್ನು ಖಾತೆಗೆ ಜಮಾ ಮಾಡಲು ಹಾಕಿದ್ದರೆ, ಹಾಕಿದವನ ಖಾತೆ ಇರುವ ಶಾಖೆ ಯಾವ ಕೋರ್ಟಿನ ವ್ಯಾಪ್ತಿಯಲ್ಲಿದೆಯೋ ಅಲ್ಲೇ ಕೇಸು. ನಡೆಯುತ್ತಿರುವ ಕೇಸುಗಳೂ ಅಲ್ಲಿಗೇ ವರ್ಗ. ಕಾಕಾ ಪೇಟೆಯಲ್ಲಿ ಪೇಢೆ ಹಂಚಿದರು.

ಪೇಢೆ ತಿಂದು ಮುಗಿಯುವಷ್ಟರಲ್ಲಿ ವಕೀಲರ ಫೋನ್. "ನಿಮ್ಮ ಖಾತೆ ಯಾವ ಶಾಖೇಲಿ ಐತ್ರಿ?" ಕಾಕಾ ಹರೆಯದಲ್ಲಿ ಹುಬ್ಬಳ್ಳಿ ಅಮರಗೋಳದ ಎಪಿಎಂಸಿಯಲ್ಲಿ ಗುಮಾಸ್ತಿಕೆ ಮಾಡುತ್ತಿದ್ದರು. ಆಗ ತೆಗೆದ ಖಾತೆಯನ್ನೇ ಇಟ್ಟುಕೊಂಡಿದ್ದರು. ಚೆಕ್ ಹಾಕಿದ್ದು ಬ್ಯಾಡಗಿ ಶಾಖೆಯಲ್ಲಿ, ಖಾತೆ ಹುಬ್ಬಳ್ಳಿಯಲ್ಲಿ. ಹೊಸ ಕಾನೂನು ಬರೆದವರು ಇದನ್ನೂ ಯೋಚಿಸಿದ್ದರು. ಅದೇ ಬ್ಯಾಂಕಿನ ಯಾವ ಶಾಖೆಯಲ್ಲಿ ಹಾಕಿದರೂ ಖಾತೆ ಇರುವ ಶಾಖೆಯಲ್ಲೇ ಹಾಕಿದಂತೆ ಅಂತ ವಿವರಣೆ ಸೇರಿಸಿದ್ದಾರೆ. ಹೀಗೆ ಬ್ಯಾಡಗಿಯಲ್ಲಿ ಹುಟ್ಟಿ ಗುಂಟೂರಿಗೆ ಹೋದ ಕೇಸು ಬಂದಿಳಿದಿದ್ದು ಹುಬ್ಬಳ್ಳಿಗೆ. ಕಾಕಾನಿಗೆ ಬೇಜಾರಾಗಲಿಲ್ಲ. ವಾಯಿದೆ ಇದ್ದಾಗ ನಮ್ಮ ಮನೆಗೆ ಬಂದು, ರೊಟ್ಟಿ ಊಟ ಮಾಡಿ, ಸಂಜೆ ಬಸ್ಸಿಗೆ ಊರು ಸೇರುತ್ತಿದ್ದರು.

2018ರ ಆಗಸ್ಟ್‌ನಲ್ಲಿ ವಿದ್ಯಾನಗರದಲ್ಲಿ ಹೊಸ ಕೋರ್ಟ್ ಕಟ್ಟಡ ಉದ್ಘಾಟನೆಯಾದಾಗಲೂ ನಮ್ಮ ಕೇಸು ಜೀವಂತ ಇತ್ತು. ಕೊನೆಗೆ ಅದು ಮುಗಿದಿದ್ದು ಲೋಕ ಅದಾಲತ್‌ನಲ್ಲಿ. ಕೇಸು ಶುರುವಾದ ಮೇಲೆ ವ್ಯಾಪಾರಿ ಮೊದಲ ಬಾರಿ ಖುದ್ದಾಗಿ ಎದುರು ಬಂದ. ಹೊಟ್ಟೆ ಕರಗಿತ್ತು, ಕೂದಲು ಬೆಳ್ಳಗಾಗಿತ್ತು. ಬಡ್ಡಿ ಬಿಡಿ, ಅಸಲು ಕಂತಿನಲ್ಲಿ ಕೊಡುತ್ತೇನೆ ಅಂದ. ಕಾಕಾ ಸ್ವಲ್ಪ ಹೊತ್ತು ಜಗ್ಗಾಡಿ ಒಪ್ಪಿದರು. ಅಲ್ಲಿ ರಾಜಿಯಾದರೆ ಮೇಲ್ಮನವಿ ಇಲ್ಲ ಅನ್ನುವುದು ಕಾಕಾನಿಗೆ ಬಹಳ ಹಿಡಿಸಿತು. ಸಹಿಯಾದ ಮೇಲೆ ಇಬ್ಬರೂ ಕ್ಯಾಂಟೀನಿನಲ್ಲಿ ಕೂತು ಗುಂಟೂರಲ್ಲಿ ತೇಜಾ ಕಾಯಿಗೆ ಏನು ದರ, ಬ್ಯಾಡಗಿಯಲ್ಲಿ ಕಡ್ಡಿ ಕಾಯಿಗೆ ಏನು ದರ ಅಂತ ಮಾತಾಡುತ್ತಿದ್ದರು. ನನಗೆ ಸಿಟ್ಟು ಬಂತು, ಅವರಿಗೆ ಬರಲಿಲ್ಲ.

ಕಂತುಗಳು ತಡವಾಗಿಯಾದರೂ ಬಂದವು. ಈಗ ಮತ್ತೆ ಆ ವ್ಯಾಪಾರಿಗೆ ಕಾಕಾ ಕಾಯಿ ಕಳಿಸುತ್ತಾರೆ. ಆದರೆ ಆರ್‌ಟಿಜಿಎಸ್ ಬಂದ ಮೆಸೇಜು ಮೊಬೈಲಿನಲ್ಲಿ ಕಂಡ ಮೇಲೆಯೇ ಲಾರಿಗೆ ಚೀಲ ಏರುವುದು.