ತಲೆನೋವು ಶುರುವಾಗಿದ್ದು ಎಷ್ಟು ಗಂಟೆಗೆ?

ಎಮರ್ಜೆನ್ಸಿಗೆ ತಲೆನೋವೆಂದು ಬರುವವರಲ್ಲಿ ಸಬ್‌ಅರಾಕ್ನಾಯ್ಡ್ ರಕ್ತಸ್ರಾವ (ಮಿದುಳನ್ನು ಸುತ್ತಿರುವ ಪೊರೆಗಳ ನಡುವೆ ರಕ್ತ ಸೋರುವುದು) ಇರುವವರು ಬೆರಳೆಣಿಕೆಯಷ್ಟು. ಅವರನ್ನು ಗುರುತಿಸದೆ ಮಾತ್ರೆ ಕೊಟ್ಟು ಕಳಿಸಿ, ಅನ್ಯೂರಿಸಂ (ರಕ್ತನಾಳದ ಗೋಡೆ ದುರ್ಬಲವಾಗಿ ಉಬ್ಬಿದ ಜಾಗ) ಮತ್ತೆ ಒಡೆದರೆ ಪರಿಸ್ಥಿತಿ ಕೈಮೀರುತ್ತದೆ. ಯಾರಿಗೆ ತನಿಖೆ ಬೇಕೆಂದು ಹೇಳುವ ಒಟ್ಟಾವಾ ನಿಯಮ ಹುಟ್ಟಿದ್ದು ಇದಕ್ಕೇ.

ನೋಡಬೇಕಾದ್ದು ಆರು: ವಯಸ್ಸು 40 ಅಥವಾ ಹೆಚ್ಚು, ಕತ್ತು ನೋವು ಅಥವಾ ಬಿಗಿತ, ಬೇರೆಯವರು ಕಂಡಂತೆ ಪ್ರಜ್ಞೆ ತಪ್ಪಿದ್ದು, ಶ್ರಮದ ಕೆಲಸದ ನಡುವೆ ಶುರುವಾಗಿದ್ದು, ಸಿಡಿಲು ಬಡಿದಂತೆ ಆ ಕ್ಷಣವೇ ತಾರಕಕ್ಕೇರಿದ್ದು, ಗಲ್ಲ ಎದೆಗೆ ತಾಗದಿರುವುದು. ಒಂದಿದ್ದರೂ ತನಿಖೆ ಬೇಕು.

ಈ ನಿಯಮದ 2013ರ ಅಧ್ಯಯನದಲ್ಲಿ 2131 ಜನರ ಪೈಕಿ 132 ಮಂದಿಗೆ ರಕ್ತಸ್ರಾವವಿತ್ತು, ಒಬ್ಬರೂ ತಪ್ಪಿಹೋಗಲಿಲ್ಲ. ಆದರೆ ರಕ್ತಸ್ರಾವವಿಲ್ಲದ 100 ಜನರಲ್ಲಿ ಸುಮಾರು 85 ಮಂದಿಯೂ ಈ ಜರಡಿಯಲ್ಲಿ ಸಿಕ್ಕಿಬೀಳುತ್ತಾರೆ. ಹಾಗಾಗಿ ಕೇಸ್ ಶೀಟಿನಲ್ಲಿ ಬರೀ ‘ಒಟ್ಟಾವಾ ಪಾಸಿಟಿವ್’ ಎಂದು ಬರೆದರೆ ಏನೂ ಹೇಳಿದಂತಾಗುವುದಿಲ್ಲ.

ಹೆಚ್ಚಿನ ತಪ್ಪು ಆಗುವುದು ಯಾರಿಗೆ ಬಳಸಬೇಕೆಂಬಲ್ಲಿ. 16 ವರ್ಷ ತುಂಬಿದ, ಪೂರ್ತಿ ಎಚ್ಚರವಿರುವ, ಪೆಟ್ಟು ಬೀಳದ, ಒಂದು ಗಂಟೆಯೊಳಗೆ ತೀವ್ರತೆಯ ತುದಿ ಮುಟ್ಟಿದ ಹೊಸ ತಲೆನೋವಿಗೆ ಮಾತ್ರ ಇದು. ಕೈಕಾಲು ಸ್ವಾಧೀನ ತಪ್ಪಿದವರಿಗೆ, ಹಿಂದೆ ಅನ್ಯೂರಿಸಂ ಇದ್ದವರಿಗೆ, ಪದೇ ಪದೇ ಇಂಥದೇ ತಲೆನೋವು ಬರುವವರಿಗೆ ಇದು ಅನ್ವಯಿಸದು. ನೋವು ಸಿಡಿಲಿನಂತೆ ಬಂತೇ ಎಂದು ತಿಳಿಯಲು ‘ಒಮ್ಮೆಲೇ ಬಂತಾ?’ ಎಂದರೆ ಎಲ್ಲರೂ ಹೌದೆನ್ನುತ್ತಾರೆ. ‘ಆಗ ಏನು ಮಾಡ್ತಿದ್ರಿ, ಆ ಕೆಲಸ ಮುಗಿಸಿದ್ರಾ?’ ಎಂದು ಕೇಳಿ.

ಇನ್ನು ಮಿದುಳಿನ ಸಿಟಿ ಸ್ಕ್ಯಾನ್. 2011ರ ಅಧ್ಯಯನದಲ್ಲಿ ಆರು ಗಂಟೆಯೊಳಗೆ ಸ್ಕ್ಯಾನ್ ಆದ 953 ಜನರಲ್ಲಿದ್ದ 121 ರಕ್ತಸ್ರಾವಗಳೂ ಕಂಡವು; ತಡವಾದವರಲ್ಲಿ ಸುಮಾರು 86% ಮಾತ್ರ. ಹೊತ್ತು ಹೋದಂತೆ ರಕ್ತ ಮಿದುಳು ಮತ್ತು ಬೆನ್ನುಹುರಿಯ ಸುತ್ತಲಿನ ದ್ರವದಲ್ಲಿ ಬೆರೆತು, ಹೀಮೊಗ್ಲೋಬಿನ್ ಒಡೆದು, ಸ್ಕ್ಯಾನಿನಲ್ಲಿ ಕಾಣುವ ಅದರ ಬಿಳುಪು ಮಾಸುತ್ತದೆ. ಆರು ಗಂಟೆ ಎಣಿಸುವುದು ನೋವು ಶುರುವಾದಾಗಿನಿಂದ, ಆಸ್ಪತ್ರೆಗೆ ಬಂದಾಗಿನಿಂದಲ್ಲ. ತಾಲ್ಲೂಕಿನಿಂದ ರೆಫರ್ ಆಗಿ ಬಂದವರಿಗೆ ದಾರಿಯಲ್ಲೇ ಆ ಗಡುವು ಮುಗಿದಿರಬಹುದು. ಹೀಮೊಗ್ಲೋಬಿನ್ 10 ಗ್ರಾಂಗಿಂತ (ಡೆಸಿಲೀಟರಿಗೆ) ಕಡಿಮೆ ಇದ್ದರೂ ರಕ್ತ ಬೆಳ್ಳಗೆ ಕಾಣದಿರಬಹುದು; ರಕ್ತಹೀನತೆ ಮಾಮೂಲಿಯಾಗಿರುವ ನಮ್ಮಲ್ಲಿ ಇದನ್ನು ಮರೆಯುವಂತಿಲ್ಲ. ಫಿಲ್ಮ್ ಓದುವವರು ಪಳಗಿದವರೇ ಆಗಿರಬೇಕು.

ಆರು ಗಂಟೆ ದಾಟಿದ್ದರೆ ಸಿಟಿ ನಾರ್ಮಲ್ ಎಂದಾಕ್ಷಣ ಬಿಡಬೇಡಿ; ಲಂಬಾರ್ ಪಂಕ್ಚರ್ (ಸೊಂಟದ ಬಳಿ ಬೆನ್ನಿಗೆ ಸೂಜಿ ಚುಚ್ಚಿ ಆ ದ್ರವ ತೆಗೆಯುವುದು) ಇಲ್ಲವೇ ಸಿಟಿ ಆಂಜಿಯೋ (ರಕ್ತನಾಳಗಳನ್ನು ತೋರಿಸುವ ಸ್ಕ್ಯಾನ್) ಬೇಕು. ರಕ್ತ ಬೆರೆತ ದ್ರವ ಹಳದಿಯಾಗಲು ಸುಮಾರು 12 ಗಂಟೆ ಹಿಡಿಯುತ್ತದೆ, ಮೊದಲೇ ಚುಚ್ಚಿದರೆ ಬಣ್ಣ ನಂಬುವಂತಿಲ್ಲ. ಹಳದಿಯೂ ಇಲ್ಲ, ಕೆಂಪು ಕಣಗಳೂ ಮೈಕ್ರೋಲೀಟರಿಗೆ 2000ಕ್ಕಿಂತ ಕಡಿಮೆ ಎಂದಾದರೆ ಅನ್ಯೂರಿಸಂ ಒಡೆದಿರುವ ಸಾಧ್ಯತೆ ತೀರಾ ಕಡಿಮೆ. ಆಂಜಿಯೋದ ತೊಡಕೇ ಬೇರೆ: ಒಡೆಯದೆ ತೆಪ್ಪಗೆ ಕೂತಿರುವ ಅನ್ಯೂರಿಸಂ ನೂರರಲ್ಲಿ ಎರಡು-ಮೂರು ಜನರಲ್ಲಿ ಹೇಗೂ ಇರುತ್ತದೆ. ಅದು ಸಿಕ್ಕಿದ ಮೇಲೆ ಇವತ್ತಿನ ನೋವಿಗೆ ಅದೇ ಕಾರಣವೋ ಅಲ್ಲವೋ ಎಂದು ನ್ಯೂರೋಸರ್ಜನ್ ಜೊತೆ ಕೂತು ತೀರ್ಮಾನಿಸಬೇಕು.